ಒಳಗಿನ ಚಿಲಕ

ನಮ್ಮ ಕಾಲೋನಿಯ ಬಾಡಿಗೆ ನಿಂತಿರುವುದು ಬಾಗಿಲಿನ ಮೇಲೆ. ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ, ಅವರು ಸ್ವಂತ ಮನೆಯವರು.

ರಾಯಚೂರಿನ ಗಂಜ್ ಮಾರುಕಟ್ಟೆಯ ಹಿಂದುಗಡೆ, ಪಾಳುಬಿದ್ದ ಹತ್ತಿ ಗೋದಾಮಿನ ಪಕ್ಕದಲ್ಲಿ, ವಸತಿ ಕಚೇರಿಯವರು ಎಂದೋ ಕಟ್ಟಿಸಿ ಬಾಡಿಗೆಗೆ ಕೊಟ್ಟ ಮನೆಗಳಿವೆ. ಜನ ಅದನ್ನು ಅರವತ್ತು ಮನಿ ಎನ್ನುತ್ತಾರೆ. ಹತ್ತು ಹತ್ತು ಮನೆಗಳ ಸಾಲು. ಪ್ರತಿ ಮನೆಗೂ ಒಂದು ಉದ್ದನೆಯ ಪಡಸಾಲೆ, ಹಿಂದೆ ಅಡುಗೆಮನೆ, ಅಷ್ಟೇ. ಮಕ್ಕಳು ಬೆಳೆದಂತೆಲ್ಲ ನಾವೇ ಕೈಯಿಂದ ಖರ್ಚು ಮಾಡಿ ಪಡಸಾಲೆಯ ನಡುವೆ ಗೋಡೆ ಎಬ್ಬಿಸಿ, ಬಾಗಿಲು ಕೂರಿಸಿಕೊಂಡೆವು. ಐದು ವರ್ಷಕ್ಕೊಮ್ಮೆ ಕಚೇರಿಯವರು ಬಂದು ನೋಡಿ ಬಾಡಿಗೆ ಕಟ್ಟುತ್ತಾರೆ. ಬಾಗಿಲು ಹಾಕಿಕೊಳ್ಳುವಂತಿದ್ದರೆ ಅದು ಕೋಣೆ. ಬಾಗಿಲಿಲ್ಲದಿದ್ದರೆ ನಡುವೆ ಗೋಡೆಯಿದ್ದರೂ ಅದು ಪಡಸಾಲೆಯೇ. ಇದು ಅವರ ನಿಯಮ. ಕೋಣೆ ಕಂಡರೆ ಬಾಡಿಗೆ ಒಂದೂವರೆ ಪಟ್ಟು.

ಅದರ ಜೊತೆಗೆ ಇನ್ನೊಂದು ಬಾಲವಿದೆ. ಒಂದೊಂದೇ ಮನೆಗೆ ಬೇರೆ ಬೇರೆ ದರ ಕಟ್ಟುತ್ತ ಕೂರಲು ಕಚೇರಿಯಲ್ಲಿ ಜನರಿಲ್ಲವಂತೆ. ಆದ್ದರಿಂದ ದರ ಸಾಲಿಗೆ. ಹತ್ತು ಮನೆಗಳಲ್ಲಿ ಒಂದೇ ಒಂದಕ್ಕೆ ಒಳಬಾಗಿಲು ಕಂಡರೂ ಹತ್ತಕ್ಕೂ ಕೋಣೆಯ ದರ ಬೀಳುತ್ತದೆ.

ಅದಕ್ಕೇ ನಮ್ಮಲ್ಲಿ ಬಾಗಿಲು ಇಳಿಸುವ ಪದ್ಧತಿ. ಸರ್ವೆಯ ನೋಟಿಸು ಅಂಟಿಸಿದ ಮರುದಿನ ಬಿಜಾಗರಿಗಳ ತಿರುಪು ಬಿಚ್ಚಿ, ಬಾಗಿಲುಗಳನ್ನು ಹೊತ್ತು ಗೋದಾಮಿನಲ್ಲಿ ಒರಗಿಸಿ, ಸೀಮೆಸುಣ್ಣದಲ್ಲಿ ಹೆಸರು ಬರೆದು ಬರುತ್ತೇವೆ. ಸರ್ವೆ ಮುಗಿದ ಸಂಜೆ ಮತ್ತೆ ಹೊತ್ತು ತರುತ್ತೇವೆ. ಹೋದ ಸಲ ಹೆಸರು ಅಳಿಸಿಹೋಗಿ ನಮ್ಮ ಮನೆಗೆ ಇನ್ಯಾರದೋ ಬಾಗಿಲು ಬಂತು. ಈಗಲೂ ಮೇಲುಗಡೆ ಎರಡು ಬೆರಳು ಸಂದಿದೆ. ನಮ್ಮದು ಯಾರ ಮನೆಯಲ್ಲಿ ನೆಲ ಕೆರೆಯುತ್ತಿದೆಯೋ ತಿಳಿಯದು. ಕಚೇರಿಯವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅವರು ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು, ನಾವು ಬೇಕಾದದ್ದನ್ನಷ್ಟೇ ತೋರಿಸುತ್ತೇವೆ. ಹೀಗೆ ಎರಡೂ ಕಡೆಯವರು ಮರ್ಯಾದೆಯಿಂದ ಕಾಲ ಹಾಕಿಕೊಂಡು ಬಂದಿದ್ದೇವೆ.

ನಾನು ಬುರ್ಹಾನುದ್ದೀನ್. ತೀನ್ ಕಂದೀಲ್ ಹತ್ತಿರ ಕಟ್‌ಪೀಸ್ ಬಟ್ಟೆಯ ಅಂಗಡಿ ನನ್ನದು. ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ಕನ್ನಡ, ಗಡಿಯಾಚೆಯ ಗಿರಾಕಿ ಬಂದರೆ ತೆಲುಗು. ಮೂರರಲ್ಲೂ ವಾದ ಮಾಡಬಲ್ಲೆ. ಅದರಿಂದಾಗಿ ನಮ್ಮ ಸಾಲಿನ ಹಿರಿತನ ನನ್ನ ಕೊರಳಿಗೆ ಬಿದ್ದಿದೆ. ಬಾಗಿಲು ಇಳಿಸುವ ದಿನ ತಿರುಪುಳಿ ಹಿಡಿದು ಮನೆಮನೆ ಹತ್ತಿ ಇಳಿಯುವವನು ನಾನೇ.

ಈ ಬೇಸಿಗೆಯಲ್ಲಿ ನೋಟಿಸು ಬಂದಾಗ ಎಂಟು ಮನೆಯ ಬಾಗಿಲು ಮಧ್ಯಾಹ್ನದೊಳಗೆ ಇಳಿದವು. ಒಂಬತ್ತನೆಯದು ನಮ್ಮ ಗೋಡೆಗೆ ಅಂಟಿಕೊಂಡಿರುವ ವೆಂಕಣ್ಣನ ಮನೆ. ವೆಂಕಣ್ಣ ಹುಡುಗನಾಗಿದ್ದಾಗ ದೇವದುರ್ಗದ ಕಡೆಯಿಂದ ಗಂಜಿಗೆ ಹಮಾಲಿಗೆ ಬಂದವನು. ಹೆಂಡತಿ ಬೂದೆಮ್ಮ. ಒಬ್ಬಳೇ ಮಗಳು ಸವಿತಾ. ಅವಳನ್ನು ಮಾನ್ವಿಗೆ ಕೊಟ್ಟಿದ್ದರು. ಗಂಡ ವಿನೋದ ಅಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ದೀಪಾವಳಿಗೆ ಬಂದವಳು ತಿರುಗಿ ಹೋಗಲಿಲ್ಲ. ಯಾಕೆಂದು ನಾನು ಕೇಳಿರಲಿಲ್ಲ. ನಮ್ಮ ಅಂಗಡಿಯ ಸೀರೆಗಳಿಗೆ ಫಾಲ್ ಹಚ್ಚುವ, ಪಿಕೋ ಹಾಕುವ ಕೆಲಸ ಕೊಟ್ಟೆ. ಮೊದಲ ದುಡಿಮೆಯಲ್ಲಿ ಅವಳು ಮಾಡಿಸಿದ್ದು ಒಂದು ಬಾಗಿಲು. ಅದಕ್ಕೆ ತಾನೇ ನಿಂತು ನೀಲಿ ಬಣ್ಣ ಬಳಿದು, ಪಟೇಲ್ ರಸ್ತೆಗೆ ಹೋಗಿ ಗಟ್ಟಿಯಾದ ಸ್ಟೀಲಿನ ಚಿಲಕ ಆರಿಸಿ ತಂದು ಹಾಕಿಸಿಕೊಂಡಿದ್ದಳು.

ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಕಾಕಾ, ಇದೊಂದು ಬ್ಯಾಡ್ರಿ."

"ನಾಕ್ ದಿನದ ಮಾತವ್ವಾ. ಎಲ್ಲಾರೂ ಇಳಸ್ಯಾರ."

"ನಂದೊಂದು ಇರ್ಲಿ."

"ನಿಂದೊಂದು ಇದ್ರ ಹತ್ತೂ ಮನಿಗೆ ಬಾಡಿಗಿ ಏರ್ತದ. ಗೊತ್ತದ ಇಲ್ಲೋ?"

"ಗೊತ್ತದ."

ಹೊರಗೆ ಗದ್ದೆಮ್ಮ ಕೇಳಿಸಿಕೊಂಡಳು. ಸಾಲಿನ ಕೊನೆಯ ಮನೆಯಲ್ಲಿ ಒಬ್ಬಳೇ ಇರುವ ಮುದುಕಿ ಆಕೆ, ಪುಂಡಿಪಲ್ಲೆ ಸೊಪ್ಪು ಮಾರಿ ಬದುಕುತ್ತಾಳೆ. "ನನ್ನ ಮನ್ಯಾಗ ನಡಕ ಗ್ವಾಡೀನೂ ಇಲ್ಲ, ಬಾಗ್ಲಾನೂ ಇಲ್ಲ. ಇನ್ನೊಬ್ರ ಬಾಗ್ಲಕ್ಕ ನಾ ಯಾಕ ಬಾಡಿಗಿ ಕಟ್ಲಿ? ಹೊಟ್ಟಿಗೆ ಏನ್ ತಿನ್ಲಿ?" ಎಂದು ಬೀದಿಯಿಂದಲೇ ಕೇಳಿದಳು. ಅವಳ ಮಾತಿನಲ್ಲಿ ತಪ್ಪೇನಿದೆ, ಹೇಳಿ.

ವೆಂಕಣ್ಣ ನೆಲ ನೋಡುತ್ತ, "ಇಳಸಲಿ ಬಿಡವ್ವಾ" ಎಂದ.

ಸವಿತಾ ನನ್ನ ಕೈಯಿಂದ ತಿರುಪುಳಿ ತೆಗೆದುಕೊಂಡಳು. ಮೊದಲು ಚಿಲಕ ಬಿಚ್ಚಿ ಮುಷ್ಟಿಯಲ್ಲಿ ಇಟ್ಟುಕೊಂಡಳು. ಆಮೇಲೆ ಪಕ್ಕಕ್ಕೆ ಸರಿದಳು. ಬಾಗಿಲು ಗೋದಾಮಿಗೆ ಹೋಯಿತು.

ಸಂಜೆ ನಾನು ಅಂಗಡಿಯಿಂದ ಮಂದವಾದ ಕೆಂಪು ಪರದೆಯ ಬಟ್ಟೆ ತಂದು, ಸರಳು, ಕಬ್ಬಿಣದ ಬಳೆ ಸಮೇತ ಕಟ್ಟಿಸಿಕೊಟ್ಟೆ. ಪರದೆ ಬಾಗಿಲಲ್ಲ ಎಂದು ಕಚೇರಿಯೇ ಒಪ್ಪಿದೆ. ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ಬಾಗಿಲಿಗಿಂತ ಇದೇ ಚೆಂದ ಕಾಣುತ್ತದೆ ಎಂದು ಬೇರೆ ಹೇಳಿ ಬಂದೆ. ಆ ದಿನ ನನಗೆ ನನ್ನ ಮೇಲೆ ಬಹಳ ಅಭಿಮಾನ.

ನಾಲ್ಕು ದಿನ ಕಳೆದರೂ ಸರ್ವೆಯವರು ಬರಲಿಲ್ಲ. ಅವರನ್ನು ಬೇರಾವುದೋ ಗಣತಿಗೆ ಎಳೆದುಕೊಂಡು ಹೋಗಿದ್ದಾರೆ, ಯಾವ ದಿನ ಬೇಕಾದರೂ ಬಂದುಬಿಡಬಹುದು ಎಂದರು. ಬಾಗಿಲು ತಿರುಗಿ ಹಚ್ಚುವಂತಿಲ್ಲ, ಹಚ್ಚದೆ ಇರುವಂತಿಲ್ಲ. ವಾರಗಳು ಹೋದವು. ರಾಯಚೂರಿನ ಬಿಸಿಲು ಏರಿತು. ಗಾಳಿಯಾದರೂ ಆಡುತ್ತದೆ ಎಂದು ಕೆಲವರು ಸಮಾಧಾನ ಮಾಡಿಕೊಂಡರು. ಹೊಸದಾಗಿ ಮದುವೆಯಾದವರು ಮಾತ್ರ ಯಾರ ಮುಖವನ್ನೂ ನೋಡದೆ ಓಡಾಡಿದರು. ನಾನು ಗೊರಕೆ ಹೊಡೆಯುತ್ತೇನೆಂಬ ಸಂಗತಿ ಇಡೀ ಸಾಲಿಗೆ ತಿಳಿದುಹೋಯಿತು.

ಈ ನಡುವೆ ಸವಿತಾಳ ಕೆಲಸ ಕೆಟ್ಟಿತು. ಅವಳ ಹೊಲಿಗೆ ಗೆರೆ ಎಳೆದಷ್ಟು ನೇರ ಇರುತ್ತಿತ್ತು. ಈಗ ಪಿಕೋ ಅಂಕುಡೊಂಕು, ಒಂದು ರೇಷ್ಮೆ ಸೀರೆಗಂತೂ ಫಾಲನ್ನು ತಲೆಕೆಳಗಾಗಿ ಹಚ್ಚಿದ್ದಳು. ಗಿರಾಕಿಯ ಮುಂದೆ ನನಗೆ ಮುಖಭಂಗವಾಗಿ, ಅವಳಿಗೆ ನಾಲ್ಕು ಮಾತು ಬಿರುಸಾಗಿಯೇ ಅಂದೆ. ಅವಳು ಹೊಲಿಗೆ ಬಿಚ್ಚುತ್ತ ಕೂತಳು.

ಮಧ್ಯಾಹ್ನ ಊಟಕ್ಕೆ ಬಂದವನು ನನ್ನ ಹೆಂಡತಿ ಲತೀಫಾಳ ಮುಂದೆ ಇದನ್ನೇ ದೂರಿದೆ.

"ಆಕಿ ಮಲಗಿದ್ರಲ್ಲ ಹೊಲಿಗಿ ನೆಟ್ಟಗ ಬರೂದು," ಎಂದಳು ಲತೀಫಾ. "ಗ್ವಾಡಿಗೆ ಬೆನ್ನು ಹಚ್ಚಿ ಕುಂತೇ ಬೆಳಗ ಮಾಡ್ತಾಳಂತ. ಬೂದೆಮ್ಮ ಅಳ್ತಿದ್ಲು."

"ಯಾಕ?"

"ಬಾಗ್ಲಾ ಇಲ್ಲಲ್ಲ."

"ಪರದಾ ಕಟ್ಟೀನಿ."

ಲತೀಫಾ ಸೌಟು ಕೆಳಗಿಟ್ಟಳು. "ಮಾನ್ವ್ಯಾಗ ಆಕಿ ಖೋಲಿಗೆ ಚಿಲ್ಕ ಹೊರಗಿತ್ತು. ಒಳಗ ಇರ್ಲಿಲ್ಲ. ಗಂಡ ಅಂಗಡಿಗೆ ಹೋಗೂಮುಂದ ಹಾಕ್ಕೊಂಡು ಹೋಗ್ತಿದ್ದ. ಆಕಿ ಮ್ಯಾಲ ಅನುಮಾನ. ಯಾವಾಗ ಬಂದು ತಗೀತಾನ ಆಕಿಗೆ ಗೊತ್ತಿರ್ತಿರ್ಲಿಲ್ಲ. ಇಲ್ಲಿಗೆ ಬಂದು ದುಡದು, ತನ್ನ ಕೈಲೇ ಹಾಕ್ಕೊಳ್ಳಾಕ ಬರೂವಂಗ ಒಂದು ಚಿಲ್ಕ ಹಾಕ್ಸಿದ್ಲು. ನೀವು ಅದನ್ನ ಬಿಚ್ಚಿ ಪರದಾ ಕಟ್ಟಿ ಬಂದ್ರಿ."

ನಾವು ಮನೆಯಲ್ಲಿ ಆಡುವ ದಖನಿಯಲ್ಲಿ ಈ ಮಾತು ಇನ್ನೂ ಚಿಕ್ಕದಾಗಿತ್ತು, ಇನ್ನೂ ಚುಚ್ಚುವಂತಿತ್ತು. ಬೆಳಿಗ್ಗೆ ಅವಳನ್ನು ಬೈದದ್ದು ನೆನಪಾಗಿ ತಟ್ಟೆ ಸರಿಸಿ ಎದ್ದೆ.

ಅಂಗಡಿಗೆ ಹೋಗಿ ಗಲ್ಲಾದ ಮುಂದೆ ಕೂತೆ. ಬಟ್ಟೆಗೆ ನಾನು ದರ ಕಟ್ಟುವುದು ನೂಲು, ಅಗಲ, ಬಣ್ಣ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ನೋಡಿ. ಮನೆಗೆ ದರ ಕಟ್ಟುವವರು ಬಾಗಿಲು ನೋಡುತ್ತಾರೆ. ಇದು ಮೂರ್ಖ ನಿಯಮ ಎಂದು ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಈಗ ಹಾಗನ್ನಿಸಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಕೂರುವುದಕ್ಕೆ ಒಂದು ಬೆಲೆಯಿದೆ ಎಂದು ಕಚೇರಿಯಲ್ಲಿ ಕೂತ ಯಾರಿಗೋ ಗೊತ್ತಾಗಿದೆ. ಅದನ್ನು ಹಗುರವಾಗಿ ಬಿಚ್ಚಿ ಗೋದಾಮಿನಲ್ಲಿ ಒರಗಿಸಿ ಬರುವವರು ನಾವು. ಹಾಗೆಂದು ಗದ್ದೆಮ್ಮನ ಪುಂಡಿಪಲ್ಲೆಯ ಗಳಿಕೆಯಿಂದ ಈ ಹುಡುಗಿಯ ಬಾಗಿಲಿಗೆ ಬಾಡಿಗೆ ಕಟ್ಟು ಎನ್ನಲು ನನಗೆ ಬಾಯಿ ಬರುವುದಾದರೂ ಹೇಗೆ?

ಆ ಭಾನುವಾರ ವಿನೋದ ತನ್ನ ಸೋದರಮಾವನನ್ನು ಕರೆದುಕೊಂಡು ಬಂದ. ನನ್ನನ್ನೂ ಕರೆದರು. ವೆಂಕಣ್ಣನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತೆವು. ಸೋದರಮಾವ ಬೆಣ್ಣೆಯಂಥ ಮಾತಿನವನು. "ಆಗಿದ್ದು ಆತು. ಮಂದಿ ನಾಕು ಮಾತು ಆಡಾಕತ್ತಾರ. ಹುಡುಗೀನ ಕಳಸಿಕೊಡ್ರಿ" ಎಂದ. ವೆಂಕಣ್ಣ, "ಆಕೀನ ಕೇಳ್ತೀನಿ, ಒಂದೀಟು ತಡೀರಿ" ಎಂದು ಇನ್ನೂ ಹೇಳುತ್ತಿದ್ದ. ಅಷ್ಟರಲ್ಲಿ ವಿನೋದ ಎದ್ದು ಒಳಗೆ ಹೋಗಿ, ಕರೆಯದೆ ಕೆಮ್ಮದೆ ಪರದೆ ಸರಿಸಿ ಅವಳಿದ್ದ ಕಡೆ ನುಗ್ಗಿಬಿಟ್ಟ. ಬಳೆಗಳು ಸರಳಿನ ಮೇಲೆ ಸರಿದ ಸದ್ದು ನಮಗೆಲ್ಲ ಕೇಳಿಸಿತು. ನಾನು ಕಟ್ಟಿಸಿದ ಪರದೆ ಎಷ್ಟು ಸಲೀಸಾಗಿ ಸರಿಯುತ್ತದೆಂದು ಆಗ ತಿಳಿಯಿತು.

ಸ್ವಲ್ಪ ಹೊತ್ತಿಗೆ ಸವಿತಾ ಹೊರಗೆ ಬಂದಳು. "ಗುರುವಾರ ಬರ್ತೀನಿ" ಎಂದಳು.

ಅವರು ಹೋದ ಮೇಲೆ ಬೂದೆಮ್ಮ ಮಗಳ ಎರಡೂ ಕೈ ಹಿಡಿದುಕೊಂಡು, "ಯಾಕ ಒಪ್ಪಿದಿ ನನ್ನವ್ವಾ?" ಎಂದು ಕೇಳಿದಳು.

"ಅಲ್ಲಿ ಚಿಲ್ಕ ಹೊರಗ ಅದ, ಇಲ್ಲಿ ಬಾಗ್ಲಾನ ಇಲ್ಲ. ಎಲ್ಲಿದ್ರೂ ಯಾರ್ ಬೇಕಾದೋರು ಒಳಗ ಬರ್ತಾರ. ಅಲ್ಲಾದ್ರ ನನ್ನ ಸಲುವಾಗಿ ಹತ್ತು ಮಂದಿ ಹೆಚ್ಚಿಗಿ ಕಟ್ಟೂದರ ಇರಂಗಿಲ್ಲ." ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು. ವೆಂಕಣ್ಣ ಎದ್ದು ಗಂಜಿನ ಕಡೆ ನಡೆದ. ಭಾನುವಾರ ಗಂಜಿಗೆ ರಜೆ.

ಗುರುವಾರ ಮಧ್ಯಾಹ್ನದ ಬಸ್ಸಿಗೆ ವಿನೋದ ಅವಳನ್ನು ಕರೆದೊಯ್ಯಲು ಬರುವವನಿದ್ದ. ಬೆಳಿಗ್ಗೆ ಹತ್ತರ ಸುಮಾರಿಗೆ ಬಂದದ್ದು ಸರ್ವೆ.

ಬಂದವಳು ಜಬೀನ್ ಎಂಬ ಹುಡುಗಿ. ದೇವದುರ್ಗದವಳು, ಕೆಲಸಕ್ಕೆ ಸೇರಿ ಬಹಳ ದಿನವಾಗಿಲ್ಲ. ಕೈಯಲ್ಲಿ ಅಳತೆ ಟೇಪು, ತಲೆಯ ಮೇಲೆ ಬಿಸಿಲಿಗೆ ಹೊದ್ದ ದುಪಟ್ಟಾ. ಹಿರಿಯನೆಂದು ನಾನು ಜೊತೆಗೆ ನಡೆದೆ. ಎಂಟು ಮನೆ ಚಕಚಕನೆ ಮುಗಿದವು. ಎಲ್ಲ ಪಡಸಾಲೆ, ಎಲ್ಲ ಸಲೀಸು. ಸಾಲಿನವರೆಲ್ಲ ನಮ್ಮ ಹಿಂದೆಯೇ ವೆಂಕಣ್ಣನ ಮನೆಗೆ ಬಂದು ಮುಂಬಾಗಿಲಲ್ಲಿ ನಿಂತರು.

ಜಬೀನ್ ಪರದೆಯ ಮುಂದೆ ನಿಂತಳು. ಮುಟ್ಟಲಿಲ್ಲ. "ಒಳಗ ಬರ್ಬೋದೇನ್ರಿ?" ಎಂದು ಕೇಳಿದಳು.

ಪ್ರಶ್ನೆ ತನಗೇ ಎಂದು ಸವಿತಾಳಿಗೆ ತಿಳಿಯಲು ಹೊತ್ತು ಹಿಡಿಯಿತೆಂದು ಕಾಣುತ್ತದೆ. ಕೊನೆಗೆ, "ಬರ್ರಿ" ಎಂದಳು.

ಒಳಗೆ ಗಂಟು ಕಟ್ಟಿದ ಹಾಸಿಗೆ, ಜಿಪ್ಪು ಎಳೆದ ಚೀಲ. ಜಬೀನ್ ಚೌಕಟ್ಟಿನ ಮೇಲೆ ಹೆಬ್ಬೆರಳು ಆಡಿಸಿದಳು. ತಿರುಪಿನ ತೂತುಗಳು ಅಲ್ಲಿ ಹಸಿಯಾಗಿಯೇ ಇದ್ದವು.

"ನಾವು ಸಣ್ಣೋರಿದ್ದಾಗ ದೇವದುರ್ಗದ ಬಾಡಿಗಿ ಮನ್ಯಾಗ ನಮ್ಮ ಅಬ್ಬಾನೂ ಹಿಂಗ ಇಳಸ್ತಿದ್ರು," ಎಂದಳು. "ಸ್ನಾನಕ್ಕ ಕುಂತ್ರ ಅಕ್ಕ-ತಂಗೇರು ಒಬ್ರಿಗೊಬ್ರು ಚಾದರ ಹಿಡೀತಿದ್ವಿ." ನಗಲಿಲ್ಲ, ನಮ್ಮನ್ನು ಬಯ್ಯಲೂ ಇಲ್ಲ. "ಇರ್ಲಿ. ಪರದಾ ಅಂದ್ರ ಪಡಸಾಲಿ. ಹಂಗ ಬರದೀನಿ. ಯಜಮಾನ್ರು ಇಲ್ಲಿ ಸಹಿ ಹಾಕ್ರಿ."

ವೆಂಕಣ್ಣ ಪೆನ್ನು ತೆಗೆದುಕೊಂಡ. ಹಾಕಲಿಲ್ಲ. ಚೀಲ ನೋಡಿದ, ನಮ್ಮನ್ನೆಲ್ಲ ನೋಡಿದ, ಮತ್ತೆ ಚೀಲ ನೋಡಿದ. ಬಾಗಿಲಿದೆ ಎಂದು ಬರೆಯಿರಿ ಎನ್ನುವ ಮಾತು ಅವನ ಬಾಯಲ್ಲಿದೆಯೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಮಾತು ಅವನು ಆಡುವಂಥದ್ದಲ್ಲ, ಒಂಬತ್ತು ಮನೆಯ ಮೇಲೆ ಬೀಳುವ ಮಾತು. ಆಡಿದರೆ ಆ ಒಂಬತ್ತರಲ್ಲಿ ಯಾರಾದರೂ ಆಡಬೇಕು.

ನಾನು ಮುಂದೆ ಹೋಗಿ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಸರಳು, ಬಳೆ ಎಲ್ಲ ಕಿತ್ತು ಬಂದು ನೆಲಕ್ಕೆ ಬಿದ್ದವು.

"ಬಟ್ಟಿ ನಂದು ಮೇಡಂ," ಎಂದೆ. "ಅಂಗಡ್ಯಾಗ ಬೇಕಾಗ್ಯಾದ."

"ಪರದಾ ತಗದ್ರೂ ಅದು ಪಡಸಾಲಿನೇ ಅಲ್ರೀ."

"ಬಾಗ್ಲಾ ತರ್ತೀವಿ. ಒಂದೀಟು ನಿಂದರ್ರಿ."

ಜಬೀನ್ ನನ್ನನ್ನು ದಿಟ್ಟಿಸಿದಳು. "ಹತ್ತೂ ಮನಿಗೆ ಹತ್ತತದ ರೀ ಇದು. ನಾ ಬ್ಯಾರೆ ಬರಿಯಾಕ ಬರಂಗಿಲ್ಲ. ಗೊತ್ತದಲ್ಲ?"

"ಗೊತ್ತದ."

ಹಿಂದೆ ಯಾರೋ ಗೊಣಗಿದರು. ನಾಲ್ಕನೆಯ ಮನೆಯವನು ಸಿಟ್ಟಿನಿಂದ ಹೊರಟೇಹೋದ. ಇವತ್ತಿಗೂ ಅವನು ನನ್ನೊಡನೆ ಮಾತಾಡುವುದಿಲ್ಲ, ಅವನನ್ನು ನಾನು ತಪ್ಪೆನ್ನಲಾರೆ. ಉಳಿದವರೆಲ್ಲ ಗದ್ದೆಮ್ಮನ ಮುಖ ನೋಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನೋಯುವುದು ಆಕೆಗೆ. ಆಕೆ ಸಂತೆಗೆ ಹೊರಟವಳು, ಪಲ್ಲೆಯ ಬುಟ್ಟಿ ತಲೆಯ ಮೇಲೇ ಇತ್ತು. ಸವಿತಾಳ ಚೀಲವನ್ನು ಒಂದು ಗಳಿಗೆ ನೋಡಿ, ಬುಟ್ಟಿಯನ್ನು ಕೆಳಗಿಟ್ಟಳು.

"ನೀಲಿ ಬಣ್ಣದ್ದಲ್ಲೇನು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಗೋದಾಮಿನ ಕಡೆ ನಡೆದಳು.

ಲತೀಫಾ, ಬೂದೆಮ್ಮ ಆಕೆಯ ಹಿಂದೆ ಹೋದರು. ಮೂವರೂ ಆ ಬಾಗಿಲನ್ನು ಹೊತ್ತು ಬಿಸಿಲಲ್ಲಿ ಸಾಲಿನ ಉದ್ದಕ್ಕೂ ಬಂದರು. ಜನ ದಾರಿ ಬಿಟ್ಟು ನಿಂತರು. ವೆಂಕಣ್ಣ ಎತ್ತಿ ಹಿಡಿದ, ನಾನು ತಿರುಪು ಬಿಗಿದೆ. ಚಿಲಕ ಎಲ್ಲಿ ಎಂದಾಗ ಸವಿತಾ ಕೂತು ಚೀಲದ ಜಿಪ್ಪು ತೆಗೆದಳು. ಸೀರೆಗಳ ತಳದಿಂದ, ಒಂದು ಕುಪ್ಪಸದಲ್ಲಿ ಸುತ್ತಿಟ್ಟಿದ್ದ ಚಿಲಕ ಹೊರಬಂತು. ಅದನ್ನವಳು ಮಾನ್ವಿಗೆ ಒಯ್ಯುತ್ತಿದ್ದಳು. ಬೂದೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೂ ಕಣ್ಣು ಮಂಜಾಗಿ ಕೊನೆಯ ತಿರುಪು ಓರೆಯಾಗಿಯೇ ಕೂತಿದೆ.

ಜಬೀನ್ ಬಾಗಿಲನ್ನು ಒಮ್ಮೆ ಮುಚ್ಚಿ, ತೆರೆದು ನೋಡಿದಳು. ಬರೆದದ್ದನ್ನು ಹೊಡೆದು ಹಾಕಿ ಬೇರೆ ಬರೆದಳು. ವೆಂಕಣ್ಣ ಸಹಿ ಹಾಕಿದ. ಗದ್ದೆಮ್ಮ ಬುಟ್ಟಿ ಎತ್ತಿಕೊಂಡು, ತಡವಾಯಿತೆಂದು ಎಲ್ಲರನ್ನೂ ಬೈಯುತ್ತ ಸಂತೆಗೆ ಹೋದಳು.

ವಿನೋದ ಬಂದಾಗ ಸವಿತಾ ಬಾಗಿಲು ಹಾಕಿಕೊಂಡಿದ್ದಳು. ಅವನು ನೇರವಾಗಿ ಹೋಗಿ ತಳ್ಳಿದ. ಅದು ಅಲುಗಲಿಲ್ಲ. ಹೆಸರು ಹಿಡಿದು ಕರೆದ, ಇನ್ನೊಮ್ಮೆ ತಳ್ಳಿದ. ವೆಂಕಣ್ಣ ಬಂದು ಪಕ್ಕದಲ್ಲಿ ನಿಂತು, "ಆಕಿ ತಗದ್ರ ಮಾತಾಡು. ತಗೀಲಿಲ್ಲಂದ್ರ ನಿನಗ ಹೊಳ್ಳಿ ಬಸ್ಸದ" ಎಂದ. ಬೂದೆಮ್ಮ ನೀರು ಕೊಟ್ಟಳು. ಕುಡಿದು, ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದು, ಅವನು ಎದ್ದು ಹೋದ.

ಆಮೇಲೆ ನಾನು, ವೆಂಕಣ್ಣ ಕಟ್ಟೆಯ ಮೇಲೆ ಉಳಿದೆವು. ಮುಂದಿನ ತಿಂಗಳಿನಿಂದ ಹೊಸ ಬಾಡಿಗೆ. ಗದ್ದೆಮ್ಮನ ಹೆಚ್ಚಿಗೆಯನ್ನು ನಾವಿಬ್ಬರೂ ಹಂಚಿಕೊಳ್ಳೋಣವೆಂದು ನಾನು ಹೇಳಿದರೆ, ಆಕೆ ಬಿಲ್ಕುಲ್ ಒಪ್ಪುವುದಿಲ್ಲ, ಬುಟ್ಟಿಯಿಂದ ಹೊಡೆಯುತ್ತಾಳೆ ಎಂದ. ಹೊಡೆದರೆ ಹೊಡೆಸಿಕೊಳ್ಳೋಣ ಎಂದೆ.

ಊಟದ ಹೊತ್ತು ಮೀರಿತ್ತು. ವೆಂಕಣ್ಣ ಎದ್ದು ಒಳಗೆ ಹೋದ. ಇಪ್ಪತ್ತು ವರ್ಷ ತಾನಿದ್ದ ಮನೆಯಲ್ಲಿ, ತನ್ನ ಮಗಳ ಬಾಗಿಲನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದ.

"ಯವ್ವಾ, ಒಳಗ ಬರ್ಲೇನು?"

ನಿದ್ದೆಯಿಂದ ಭಾರವಾದ ದನಿ ಬಂತು. "ಈಗ ಬ್ಯಾಡಪ್ಪಾ."

ಅವನು ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತ. ಮೀಸೆಯ ಕೆಳಗೆ ನಗು ತಡೆಯಲು ಒದ್ದಾಡುತ್ತಿದ್ದ, ಕಣ್ಣಲ್ಲಿ ನೀರಿತ್ತು.

"ಬ್ಯಾಡಂದ್ಲು ಭಾಯಿ," ಎಂದ.